ಹೆಬ್ಬೆರಳ ಕೆಳಗಿನ ಮಣಿ

ಊಟದ ಮೇಜಿನ ಮೇಲೆ ಕೋವಿ ಮಲಗಿತ್ತು. ಗಂಡ ಅದರ ಬೆನ್ನಿಗೆ ಹೊಸ ದುರ್ಬೀನು ಕೂರಿಸುತ್ತಿದ್ದ. ಅದು ಯಾರನ್ನು ನೋಡುವುದಕ್ಕೆಂದು ಅವಳಿಗೆ ಗೊತ್ತಿತ್ತು. ಅವಳ ತಮ್ಮನನ್ನು.

ಕಲ್ಲುಗಣಿಯ ಮೇಸ್ತ್ರಿ ಸತ್ತುಬಿದ್ದಾಗ ಪಕ್ಕದಲ್ಲಿದ್ದವನು ತಮ್ಮ. ಹೆದರಿ ಓಡಿದ. ಓಡಿದವನೇ ಕೊಂದವನು ಎಂದಾಯಿತು. ಓಡುವಾಗ ಕಾವಲುಗಾರನ ಬಂದೂಕನ್ನೂ ಕಿತ್ತುಕೊಂಡು ಹೋಗಿ ತನ್ನ ಹಣೆಬರಹಕ್ಕೆ ತಾನೇ ಮಸಿ ಬಳಿದುಕೊಂಡಿದ್ದ. ಈಗ ಗಣಿಯ ನೆತ್ತಿಯ ಬಂಡೆಗಳಲ್ಲಿ ಅವಿತಿದ್ದಾನೆ. ಕಂಡಲ್ಲಿ ಗುಂಡು ಎಂದು ಹುಕುಂ ಆಗಿದೆ. ಬಂಡೆ ಹತ್ತುವ ಎದೆಗಾರಿಕೆ ಯಾರಿಗೂ ಇಲ್ಲ. ಕಣಿವೆಯ ಈಚೆಗೆ ಕೂತು ಹೊಡೆಯಬಲ್ಲವನು ಒಬ್ಬನೇ. ಪಡೆಯಿಂದ ನಿವೃತ್ತನಾಗಿ, ಮನೆಯಲ್ಲಿ ಬೀಗ ಗಡಿಯಾರ ರಿಪೇರಿ ಮಾಡಿಕೊಂಡಿದ್ದ ಅವಳ ಗಂಡ.

ಪೊಲೀಸ್ ಸಾಹೇಬರು ಹೇಳಿ ಕಳಿಸಿದರು. ಗಂಡ ಒಂದು ಮಾತೂ ಎತ್ತದೆ ಒಪ್ಪಿಕೊಂಡ. ಅದನ್ನು ಮಾತ್ರ ಅವಳಿಂದ ಕ್ಷಮಿಸಲಾಗಲಿಲ್ಲ.

ಹೊಸಿಲ ಹತ್ತಿರ ಪೇದೆಯೊಬ್ಬ ಸ್ಟೂಲು ಹಾಕಿಕೊಂಡು ಕೂತಿದ್ದ. ಕಾವಲಿಗೋ, ಕಿವಿಗೊಡುವುದಕ್ಕೋ, ಅವನಿಗೇ ಗೊತ್ತು.

"ಅಮ್ಮಾ, ಇನ್ನೊಂದು ಲೋಟ ಚಹಾ ಸಿಗುತ್ತಾ? ಯಜಮಾನ್ರು ಕೆಲಸ ಮಾಡೋದನ್ನ ನೋಡ್ತಾ ನೋಡ್ತಾ ನನಗೇ ಬಾಯಿ ಒಣಗ್ತಿದೆ."

ಅವಳು ಒಲೆಯ ಮುಂದೆ ನಿಂತಳು. ಅಲ್ಲಿಂದ ಗಂಡನ ಕೈ ಕಾಣುತ್ತಿತ್ತು. ಮೊದಲು ಕೋವಿಯ ಬೆನ್ನಿಗೆ ಎರಡು ಲೋಹದ ಬಳೆ, ಅವುಗಳೊಳಗೆ ದುರ್ಬೀನು. ಮೇಲಿಟ್ಟ ರಸಮಟ್ಟದ ಗುಳ್ಳೆ ನಡುವಿಗೆ ಬರುವ ತನಕ ಅವನು ಉಸಿರು ಬಿಡಲಿಲ್ಲ. ಸ್ಕ್ರೂಗಳನ್ನು ಒಂದೇ ಸಲಕ್ಕೆ ಬಿಗಿಯಲಿಲ್ಲ. ಈ ಕಡೆ ಒಂಚೂರು, ಆ ಕಡೆ ಒಂಚೂರು, ಮಗುವಿಗೆ ತುತ್ತು ಕೊಟ್ಟ ಹಾಗೆ. ಆಮೇಲೆ ಕೋವಿಯ ಹಿಂಭಾಗದ ಬೋಲ್ಟು ಹೊರತೆಗೆದು, ಖಾಲಿ ನಳಿಗೆಯೊಳಗಿಂದ ಕಿಟಕಿಯಾಚೆಯ ನೀರಿನ ಟ್ಯಾಂಕು ನೋಡಿದ. ಟ್ಯಾಂಕಿನ ಮೇಲಿನ ಕಪ್ಪು ಕಲೆ ನಳಿಗೆಯ ನಟ್ಟನಡುವೆ ಬಂದ ಮೇಲೆ, ಕೋವಿಯನ್ನು ಮರಳಿನ ಚೀಲಗಳ ನಡುವೆ ಅಲುಗದಂತೆ ಇಟ್ಟ. ದುರ್ಬೀನಿನೊಳಗಿನ ಎರಡು ಗೆರೆಗಳೂ ಅದೇ ಕಲೆಯ ಮೇಲೆ ಕೂಡುವ ಹಾಗೆ ಅದರ ನೆತ್ತಿಯ ಮತ್ತು ಪಕ್ಕದ ತಿರುಪುಗಳನ್ನು ತಿರುಗಿಸತೊಡಗಿದ. ಟಿಕ್. ಟಿಕ್.

ತಮ್ಮನಿಗೆ ಮೀಸೆ ಮೂಡುವ ಮೊದಲೇ ಹಿತ್ತಲಲ್ಲಿ ತಗಡಿನ ಡಬ್ಬಿ ಸಾಲಾಗಿಟ್ಟು ಗುರಿ ಕಲಿಸಿದವನು ಇವನೇ.

"ಭಾವಾ, ಒಂದ್ಸಲನಾದ್ರೂ ತಪ್ಪಿ. ನಾನೂ ಗೆಲ್ಲೋದು ಬೇಡ್ವಾ?" ಎಂದು ಅವನು ರೇಗಿಸುತ್ತಿದ್ದ.

"ತಪ್ಪೋದನ್ನ ಈ ಕೈಗೆ ಯಾರೂ ಕಲಿಸಿಲ್ಲ ಕಣೋ" ಎನ್ನುತ್ತಿದ್ದ ಗಂಡ.

ಅವಳು ಚಹಾ ಕೊಟ್ಟು ಬಂದು ಮೇಜಿನ ಅಂಚು ಹಿಡಿದು ನಿಂತಳು. "ನಿಮ್ಮ ಕೈತುತ್ತು ತಿಂದು ಬೆಳೆದ ಹುಡುಗ."

ಗಂಡ ಬಾಗಿಲ ಕಡೆ ಒಮ್ಮೆ ನೋಡಿದ. "ನಾನು ಹೋಗದಿದ್ರೆ ಇನ್ನೊಬ್ಬ ಹೋಗ್ತಾನೆ. ಅವನಿಗಿಂತ ನಾನೇ ವಾಸಿ."

"ಯಾವುದರಲ್ಲಿ ವಾಸಿ?"

"ಗುಂಡು ಎಲ್ಲಿಗೆ ಹೋಗ್ಬೇಕು ಅಂತ ನನಗೆ ಗೊತ್ತು."

"ಅದಕ್ಕೇ ತಾನೇ ಸಾಹೇಬರು ನಿಮ್ಮನ್ನೇ ಕರೆದದ್ದು" ಎಂದು ಪೇದೆ ಸೊರ್ರೆಂದು ಚಹಾ ಹೀರಿದ. "ಒಂದು ಗುಂಡು ಹಾರಿಸಿ ನೋಡೋದಿಲ್ವಾ?"

"ಒಂದು ಸದ್ದಾದ್ರೆ ಸಾಕು, ಅವನು ಅಲ್ಲಿರೋದಿಲ್ಲ."

ಅವಳಿಗೆ ಇನ್ನು ನಿಲ್ಲಲಾಗಲಿಲ್ಲ. ದೇವರ ಮೂಲೆಗೆ ಹೋಗಿ ಕೂತು ಜಪಮಾಲೆ ತೆಗೆದುಕೊಂಡಳು. ದೊಡ್ಡ ಮಣಿಯ ಮೇಲೆ ಹೆಬ್ಬೆರಳಿಟ್ಟಳು. ಅಷ್ಟರಲ್ಲಿ ಗಂಡ "ಸರಿಯಾಯ್ತು" ಎಂದು ತನಗೆ ತಾನೇ ಹೇಳಿಕೊಂಡದ್ದು ಕೇಳಿಸಿತು. ಹಣೆ ಒರೆಸಿಕೊಂಡ. ಮತ್ತೆ ಪಕ್ಕದ ತಿರುಪಿಗೆ ಕೈ ಹಾಕಿದ. ಕೂದಲೆಳೆಯಷ್ಟೂ ಬಿಡುವವನಲ್ಲ ಇವನು.

ಟಿಕ್. ಒಂದು ಮಣಿ ಸರಿಯಿತು. ಟಿಕ್. ಇನ್ನೊಂದು. ಅವಳ ಬಾಯಲ್ಲಿ ದೇವರ ಹೆಸರು ನಿಂತುಹೋಗಿ, ಆ ಜಾಗದಲ್ಲಿ ಟಿಕ್ ಬಂದು ಕೂತಿತ್ತು. ಅವನ ಬೆರಳು ಹೊರಕ್ಕೆ ತಿರುಗುತ್ತಿತ್ತು, ಅವಳ ಮಣಿ ಒಳಕ್ಕೆ ಸರಿಯುತ್ತಿತ್ತು. ಕೊನೆಗೆ ಸದ್ದು ನಿಂತಾಗ ಹೆಬ್ಬೆರಳ ಕೆಳಗೆ ಯಾವ ಮಣಿ ಇತ್ತೋ, ಅದನ್ನು ಅವಳು ಬಿಡಲಿಲ್ಲ.

ಗಂಡ ಮುಖ ತೊಳೆಯಲು ಬಚ್ಚಲಿಗೆ ಹೋದ. ಅವಳು ಒರೆಸುವ ಬಟ್ಟೆ ಹಿಡಿದು, ಬಾಗಿಲಿಗೆ ಬೆನ್ನು ಮಾಡಿ ಮೇಜಿನ ಮುಂದೆ ನಿಂತಳು. ಅದೇ ತಿರುಪು. ಅವನು ಹೊರಕ್ಕೆ ತಿರುಗಿಸಿದ್ದನ್ನು ಅವಳು ಒಳಕ್ಕೆ ತಿರುಗಿಸಿದಳು. ಒಂದು ಟಿಕ್, ಒಂದು ಮಣಿ ಹಿಂದಕ್ಕೆ. ಅವನು ಕಟ್ಟಿದ್ದನ್ನು ಮಣಿಮಣಿಯಾಗಿ ಬಿಚ್ಚಿದಳು. ತಂದೇ, ಇದೊಂದು ಸಲ ಆ ಕೈ ತಪ್ಪಲಿ.

"ಏನಮ್ಮಾ ಅದು ಸದ್ದು?"

"ಜಪಮಾಲೆ ಕಣಪ್ಪಾ."

ಹೆಬ್ಬೆರಳು ಮತ್ತೆ ದೊಡ್ಡ ಮಣಿಗೆ ಬಂದು ತಲುಪಿತು.

ಹೊರಡುವಾಗ ಗಂಡ ಹೊಸಿಲಲ್ಲಿ ನಿಂತ. "ದೇವರಲ್ಲಿ ಕೇಳ್ಕೋ."

"ಕೇಳ್ಕೊಂಡಾಯ್ತು."

ಅವನ ಮುಖ ಒಂದು ಗಳಿಗೆ ಹಗುರಾಯಿತು. "ಹಾಗಾದ್ರೆ ನಡೆಯುತ್ತೆ" ಎಂದು ಜೀಪು ಹತ್ತಿದ. ಆ ಹಗುರವನ್ನು ಕಂಡು ಅವಳ ಮೈ ಉರಿಯಿತು.

ಬಿಸಿಲು ಇಳಿಯುವ ಹೊತ್ತಿಗೆ ಗಣಿಯ ಕಡೆಯಿಂದ ಒಂದು ಸದ್ದು ಬಂತು. ಅವಳು ಇನ್ನೊಂದಕ್ಕೆ ಕಾದಳು. ಬರಲಿಲ್ಲ. ತಪ್ಪಿತು, ಓಡಿದ, ಎಂದುಕೊಂಡಳು. ನೆಲಕ್ಕೆ ಹಣೆ ಹಚ್ಚಿ ಎಷ್ಟೋ ಹೊತ್ತು ಏಳಲಿಲ್ಲ.

ಜೀಪು ಮರಳಿದಾಗ ಪೇದೆ ಒಳಗೆ ಬರಲಿಲ್ಲ. ಟೋಪಿ ತೆಗೆದು ಅಂಗಳದಲ್ಲೇ ನಿಂತ. ಗಂಡನ ಕೈಯಲ್ಲಿ ಕೋವಿ ಇರಲಿಲ್ಲ. ಅವನು ಅವಳೆದುರು ಕುಸಿದು ಕೂತು, ಯಾರದೋ ಕೈಗಳನ್ನು ನೋಡುವ ಹಾಗೆ ತನ್ನ ಕೈಗಳನ್ನೇ ನೋಡಿಕೊಂಡ. ಹೊರಗೆ ಕೇಳದ ಹಾಗೆ ಪಿಸುಗುಟ್ಟಿದ.

"ಈ ಕೈಗೆ ತಪ್ಪೋದು ಬರಲ್ಲ ಅಂತ ದುರ್ಬೀನಿಗೇ ಕಲಿಸಿದ್ದೆ ಕಣೇ. ಎಲ್ಲಾ ಸರಿಯಾದ ಮೇಲೆ ಒಂದೊಂದೇ ಟಿಕ್ ಓರೆ ಮಾಡಿದ್ದೆ, ಗುಂಡು ಪಕ್ಕದ ಬಂಡೆಗೆ ಬೀಳಲಿ, ಸದ್ದಿಗೆ ಅವನು ಓಡಿಹೋಗ್ಲಿ ಅಂತ. ಅದು ನೆಟ್ಟಗೆ ಹೇಗಾಯ್ತು?"