ಸಾರಿನ ಪುಡಿಯ ಡಬ್ಬಿ

ಹೊಸದಾಗಿ ಮದುವೆಯಾಗಿ ಥೈಲ್ಯಾಂಡಿನ ದ್ವೀಪಕ್ಕೆ ಹೊರಟಿದ್ದ ಪಕ್ಕದ ಮನೆಯ ಹುಡುಗಿ, “ಅಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತೆ ಅಜ್ಜಿ? ನೀವು ಹೋಗಿದ್ರಲ್ಲ” ಎಂದಳು.

“ನಮ್ಮನೆಯವರು ಸಾಯೋವರೆಗೂ ಉಂಡಿದ್ದು ನನ್ನ ಸಾರೇ, ಬಡಿಸಿದ್ದೂ ನನ್ನ ಕೈಯೇ. ಊರೆಲ್ಲಾ ಹೇಳ್ಕೊಂಡು ತಿರುಗಿದೀನಿ. ಅದ್ರಲ್ಲಿ ಅರ್ಧ ಸುಳ್ಳು ಕಣೇ.”

“ತಾತ ವ್ಯಾಪಾರಕ್ಕೆ ಅಲ್ಲಿಗೇ ತಾನೇ ಹೋಗ್ತಿದ್ದಿದ್ದು?”

“ವರ್ಷಕ್ಕೆರಡು ಸಲ. ಅಲ್ಲಿನ ಊಟ ಬಾಯಿಗಿಡೋಕಾಗಲ್ಲ ಅನ್ನೋರು. ಸ್ಟೀಲ್ ಡಬ್ಬಿ ತುಂಬ ಸಾರಿನ ಪುಡಿ ಕೊಟ್ಟು ಕಳಿಸ್ತಿದ್ದೆ. ಪ್ರತಿ ಸಲವೂ ಡಬ್ಬಿ ಕಳೆದುಹೋಯ್ತು ಅಂತ ಬರೋರು. ಹಾಗೇ ಒಂದು ಲಕ್ಷ ಡಬ್ಬಿ ಹೋಯ್ತು!”

ಹುಡುಗಿ ನಕ್ಕಳು. “ನೀವೆಲ್ಲಿ ಉಂಡ್ರಿ?”

“ಅವರು ತೀರ್ಕೊಂಡ್ಮೇಲೆ ಮಗಳು ಕರ್ಕೊಂಡು ಹೋದ್ಲಲ್ಲ, ಆಗ ಸಮುದ್ರದ ದಂಡೇಲಿ ಒಬ್ಬಳ ಹೋಟ್ಲಲ್ಲಿ. ಅಲ್ಲಿಯೋಳೇ, ಅನ್ನ ಸಾರು ಬಡಿಸಿದ್ಲು. ಸಾರು ನಾಲಿಗೆಗೆ ತಾಗಿದ್ದೇ ತಲೆ ಎತ್ತಿ ನೋಡಿದೆ. ಹಲಗೆ ಮೇಲೆ ಸಾಲಾಗಿ ಸ್ಟೀಲ್ ಡಬ್ಬಿ. ಒಂದೊಂದರ ಮೇಲೂ ಹೆಸರು ಕೆತ್ತಿತ್ತು. ನನಗೆ ಓದೋಕೆ ಬರೋದು ನನ್ನ ಹೆಸರೊಂದೇ. ಎಲ್ಲಾನೂ ಓದಿದೆ.”

“ಅಯ್ಯೋ, ಹಾಗಾದ್ರೆ ತಾತ…” ಎಂದಳು ಹುಡುಗಿ.

“ಸಾರಂತೂ ನಂದೇ. ಹೇಳು ನೋಡೋಣ, ಸುಳ್ಳಾಗಿದ್ದು ಯಾವ ಅರ್ಧ?”