ಬದಲಿ ವಾಲ್ವ್

“ವಾಲ್ವ್ ಸತ್ತಿರಬೇಕು ರಾಯರೇ. ಇನ್ನು ಅವಳ ದನಿ ಕೇಳೋ ಹಾಗಿಲ್ಲ,” ಎಂದು ಮಹಾದೇವಯ್ಯ ತಮ್ಮ ಹಳೆಯ ಆಂಪ್ಲಿಫೈಯರನ್ನು ಶಾಮರಾಯರ ರಿಪೇರಿ ಅಂಗಡಿಯಲ್ಲಿ ಬಿಟ್ಟುಹೋಗಿದ್ದರು. ತೀರಿಕೊಂಡ ಹೆಂಡತಿ ಹಾಡಿದ ಟೇಪೊಂದು ಅವರ ಬಳಿ ಇತ್ತು.

ಅವರಷ್ಟೇ ಸಂಗೀತದ ಹುಚ್ಚಿದ್ದ ಶಾಮರಾಯರು ಬಿಚ್ಚಿ ನೋಡಿದರೆ, ಬೆಸುಗೆ ಬಿಟ್ಟ ಒಂದು ತಂತಿ, ಅಷ್ಟೇ. ಅದನ್ನು ಸರಿಪಡಿಸಿದರು. ಆದರೆ ಒಳಗಿದ್ದ, ದನಿ ಹಿಗ್ಗಿಸುವ ಬಲ್ಬಿನಂಥ ಗಾಜಿನ ವಾಲ್ವ್ ಈಗ ಎಲ್ಲಿಯೂ ಸಿಗದಂಥದು. ಆಸೆ ತಡೆಯಲಾಗಲಿಲ್ಲ. ಅದನ್ನು ಕಿತ್ತುಕೊಂಡು, ತಮ್ಮ ಆಂಪ್ಲಿಫೈಯರಿನ ಸವೆದ ವಾಲ್ವನ್ನು ಆ ಜಾಗದಲ್ಲಿ ಕೂರಿಸಿದರು.

ಮಹಾದೇವಯ್ಯ ಬಂದು ಟೇಪು ಹಾಕಿದರು. ದೇವರನಾಮ ಮುಗಿಯುವವರೆಗೂ ಕಣ್ಣು ಮುಚ್ಚಿ ಕುಳಿತಿದ್ದು, ಆಮೇಲೆ ಬಗ್ಗಿ ಒಳಗೆ ನೋಡಿದರು.

“ಇದರ ಬುಡದಲ್ಲಿ ಕುಂಕುಮ ಇದೆಯಲ್ಲ ರಾಯರೇ. ಆಯುಧಪೂಜೆಗೆ ವಾಲ್ವಿಗೂ ಕುಂಕುಮ ಹಚ್ಚೋರು ಊರಲ್ಲಿ ನೀವೊಬ್ಬರೇ.”

ರಾಯರು ಕೈಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. “ಅದು... ಮಹಾದೇವಯ್ಯ...”

“ಸುಮ್ನಿರಿ. ಹೇಳಿದ್ರೆ ನಾನು ಬೇಡ ಅಂತೀನಿ ಅಂತ ತಾನೇ ಮುಚ್ಚಿಟ್ಟಿದ್ದು?” ಮಹಾದೇವಯ್ಯ ಬಗ್ಗಿ ರಾಯರ ಕಾಲು ಮುಟ್ಟಿದರು. “ನಂದು ಸತ್ತೋಯ್ತು ಅಂತ ನಿಮ್ಮದನ್ನೇ ಕಿತ್ತು ಕೊಟ್ಟಿರಲ್ಲ.”