ಇರ್ಮಾ ಕೇಳಿದ ಸಂದು

"ಇದು ನನ್ನ ಬಾಯಲ್ಲ ಡಾಕ್ಟರ್, ತೆಗೆದುಬಿಡಿ!"

ವಸಂತಿಗೆ ಪಿತ್ತ ನೆತ್ತಿಗೇರಿತು. ಮುತ್ತು ಪೋಣಿಸಿದ ಹಾಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟರೆ, ಈ ಎಪ್ಪತ್ತೆಂಟರ ಅಜ್ಜಿ ಕನ್ನಡಿ ನೋಡಿ ಮುಖ ಸಿಂಡರಿಸುವುದೇ! ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನಲ್ಲಿ ವಸಂತಿಯ ಹಲ್ಲಿನ ಕ್ಲಿನಿಕ್ಕಿಗೆ ಬರುವವರೆಲ್ಲ ಷೇರು ಏರಿದ ಖುಷಿಯಲ್ಲಿ ಹಲ್ಲು ಬೆಳ್ಳಗೆ ಮಾಡಿಸಿಕೊಳ್ಳುವ ಡಾಟ್‌ಕಾಮ್ ಹುಡುಗರು. ಇರ್ಮಾ ವಾಲ್ಡೆನ್ ಹಾಗಲ್ಲ. ಒಂದು ಕಾಲಕ್ಕೆ ಯುರೋಪಿನ ಸಿನಿಮಾಗಳಲ್ಲಿ ನಟಿಸಿ, ಹಾಡಿ ಹೆಸರಾದವರು. ಶನಿವಾರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ಹಳೆಯ ಸಿನಿಮಾದ ಪ್ರದರ್ಶನ. ಮುಗಿದ ಮೇಲೆ ಅವರೇ ವೇದಿಕೆ ಹತ್ತಿ ಹಾಡಬೇಕು.

"ನನ್ನ ಮುಂದಿನ ಹಲ್ಲುಗಳ ನಡುವೆ ಸಂದು ಇತ್ತು," ಎಂದರು ಇರ್ಮಾ. "ಅದನ್ನ ಮುಚ್ಚಿಸಿದ್ರೆ ಮಾತ್ರ ಹೀರೋಯಿನ್ ಪಾರ್ಟು ಅಂದ ಪ್ರೊಡ್ಯೂಸರ್. ಎದ್ದು ಬಂದೆ. ಹೋಟೆಲುಗಳಲ್ಲಿ ಹಾಡಿ ಹೊಟ್ಟೆ ಹೊರೆದೆ. ಆಮೇಲೆ ಅವನೇ ಹುಡುಕ್ಕೊಂಡು ಬಂದು ಆ ಸಂದಿಗೇ ಕ್ಲೋಸಪ್ ಇಟ್ಟ! ಯುದ್ಧ ಬಂದು ಹೋಯ್ತು, ಇಬ್ಬರು ಗಂಡಂದಿರು ಬಂದು ಹೋದ್ರು. ಸಂದು ಮಾತ್ರ ಜೊತೆಗಿತ್ತು."

ಅಬ್ಬಾ, ಎಂಥ ಗಟ್ಟಿಗಿತ್ತಿ! ವಸಂತಿಯ ಸಿಟ್ಟು ಅಲ್ಲೇ ಕರಗಿತು. "ಸಂದು ಬಿಡೋಣ ಮೇಡಂ. ಆದ್ರೆ ಎಷ್ಟಗಲ ಬಿಡ್ಲಿ? ನಿಮ್ಮ ಫೋಟೋದಲ್ಲಿ ಅಳತೆ ಸಿಗಲ್ಲ."

ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಸುರಕ್ಷಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹದಿಮೂರರ ಈ ಹುಡುಗಿ ನಗುವುದೇ ಹಾಗೆ; ಅವಳ ಮುಂದಿನ ಹಲ್ಲುಗಳ ನಡುವೆಯೂ ಸಂದು. ಹಲ್ಲಿನಲ್ಲಿ ಸಂದು ಇದ್ದವರಿಗೆ ಅದೃಷ್ಟ ಎಂದು ಉಡುಪಿಯಿಂದ ಅಜ್ಜಿ ಫೋನಿನಲ್ಲಿ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ನಾಚಿಕೆಯಿಂದ ಕನ್ನಡ ಕೂಟದಲ್ಲಿ ಹಾಡುವುದನ್ನೂ ಬಿಟ್ಟಿದ್ದಳು. ಸೋಮವಾರ ಅವಳ ಹಲ್ಲಿಗೆ ತಂತಿ ಹಾಕುವುದೆಂದು ತೀರ್ಮಾನವಾಗಿತ್ತು. ವಸಂತಿಗೆ ಕೊರಗು ಬೇರೆಯೇ: ತಂತಿ ಹಾಕಿದರೆ ಹಲ್ಲು ಕೂಡೀತು, ನಿಂತ ಹಾಡು ಬಂದೀತೇ?

"ಕೈ ತೆಗಿ ಮಗು," ಎಂದರು ಇರ್ಮಾ. ಸುರಕ್ಷಾ ಅಳುಕುತ್ತಲೇ ತೆಗೆದಳು. ನೋಡಿದ್ದೇ ತಡ, ಇರ್ಮಾ ಕುರ್ಚಿಯಿಂದ ಎದ್ದೇಬಿಟ್ಟರು. "ಇದೇ! ಇಷ್ಟೇ ಇತ್ತು! ಡಾಕ್ಟರ್, ಅಳತೆಯನ್ನ ಮನೇಲೇ ಇಟ್ಕೊಂಡು ನನ್ನ ಕೇಳ್ತೀರಲ್ಲ!"

"ನಂದಾ? ಅಮ್ಮಾ, ಶೀ ಈಸ್ ಜೋಕಿಂಗ್, ರೈಟ್?"

"ಬಾಯಿ ತೆಗಿಯೇ ಮಾರಾಯ್ತಿ," ಎಂದು ವಸಂತಿ ಮಗಳ ಹಲ್ಲಿನ ಅಚ್ಚು ತೆಗೆದಳು.

ಶನಿವಾರ ತಾಯಿ ಮಗಳು ಹೋದಾಗ ಥಿಯೇಟರು ಕಿಕ್ಕಿರಿದಿತ್ತು. ತೆರೆಯ ಮೇಲೆ ಇಪ್ಪತ್ತರ ಇರ್ಮಾ ನಕ್ಕು ಮರೆಯಾದ ಮೇಲೆ, ಎಪ್ಪತ್ತೆಂಟರ ಇರ್ಮಾ ಕೋಲೂರಿಕೊಂಡು ಬಂದು ಹಾಡಿದರು. ದನಿ ಅಲ್ಲಲ್ಲಿ ಒಡೆಯಿತು; ಆದರೂ ಜನ ಉಸಿರು ಬಿಗಿಹಿಡಿದು ಕೇಳಿದರು. ಹಾಡು ಮುಗಿಸಿ ಅವರು ಬೆಳಕಿಗೆ ಮುಖವೆತ್ತಿ, ಹೊಸ ಹಲ್ಲಿನ ಸಂದು ಕಾಣುವಂತೆ ಬಾಯ್ತುಂಬ ನಕ್ಕರು. ಇಡೀ ಥಿಯೇಟರು ಎದ್ದು ನಿಂತಿತು.

"ಅಮ್ಮಾ, ದಟ್ಸ್ ಮೈನ್! ಅದು ನಂದು!" ಸುರಕ್ಷಾ ಕೂಗಿದಳು. ಮುಂದಿನ ಸಾಲಿನವರು ತಿರುಗಿ ಅವಳನ್ನೇ ನೋಡಿದರು. ಅವಳು ನಗುತ್ತಿದ್ದಳು. ಬಾಯಿಗೆ ಅಡ್ಡ ಹಿಡಿಯಲು ಕೈಗಳಿಗೆ ಬಿಡುವಿರಲಿಲ್ಲ. ಎರಡೂ ಚಪ್ಪಾಳೆ ತಟ್ಟುತ್ತಿದ್ದವು.